ಬೆತ್ಲೆಹೇಮಿನ ನಕ್ಷತ್ರವೂ ಬಂಡೀಪುರದ ಇರುಳೂ

ಚಾಮರಾಜನಗರದಿಂದ ಗುಂಡ್ಲುಪೇಟೆಯ ಮಾರ್ಗವಾಗಿ ಊಟಿಯ ಕಡೆಗೋ ವಯನಾಡಿನ ಕಡೆಗೋ ನೀವು ಪ್ರಯಾಣ ಮಾಡಿರಬಹುದು. ರಾತ್ರಿ 9 ಗಂಟೆಗೆ ಬಂಡೀಪುರದ ಗೇಟು ಮುಚ್ಚಿತೆಂದರೆ, ವಿನಾಯಿತಿ ಪಡೆದ ಕೆಲವೇ ವಾಹನಗಳ ಹೊರತು, ಬೆಳಿಗ್ಗೆ 6ರವರೆಗೆ ಆ ದಾರಿ ಕಾಡಿನದು. 2009ರಲ್ಲಿ ಆರಂಭವಾದ ಈ ನಿರ್ಬಂಧದಿಂದ ಆನೆ, ಹುಲಿ, ಜಿಂಕೆಗಳಿಗೆ ಆದ ಉಪಕಾರದ ಕುರಿತು ಬೇಕಾದಷ್ಟು ಬರೆಯಲಾಗಿದೆ. ವ್ಯಾಪಾರಿಗಳ ಅಸಮಾಧಾನವನ್ನೂ ನಾವು ಕೇಳಿದ್ದೇವೆ. ಕಾಡಂಚಿನ ಹಳ್ಳಿಗಳಿಗೆ ಅದರಿಂದ ಒದಗಿದ ಇನ್ನೊಂದು ವಸ್ತುವನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಅದು ಕತ್ತಲೆ. ಬೆಳೆ ಕಾಯಲು ಹೊಲದ ಅಟ್ಟಣೆಯ ಮೇಲೆ ರಾತ್ರಿ ಕಳೆಯುವ ರೈತನಿಗೆ ಕಾಣುವಷ್ಟು ನಕ್ಷತ್ರಗಳು ಮೈಸೂರಿನ ಯಾವ ಮಹಡಿಯ ಮೇಲಿಂದಲೂ ಕಾಣಲಾರವು.

ಡಿಸೆಂಬರಿನ ಆರಂಭದಲ್ಲಿ, ಚಂದ್ರನಿಲ್ಲದ ಸಂಜೆ ಏಳೂವರೆ ಎಂಟರ ಹೊತ್ತಿಗೆ, ಅಂಥ ಕಡೆ ನಿಂತು ನೆತ್ತಿಯಿಂದ ತುಸು ಉತ್ತರಕ್ಕೆ ನೋಡಿದರೆ ಉಸಿರು ತಾಗಿದ ಗಾಜಿನ ಮೇಲಿನ ಮಸುಕಿನಂಥ ಒಂದು ಕಲೆ ಕಾಣುತ್ತದೆ. ಅದು ಆಂಡ್ರೊಮೆಡಾ ಗ್ಯಾಲಕ್ಸಿ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಹಿಡಿದಿದೆ. ನಮ್ಮ ಸೂರ್ಯನಿರುವ ಆಕಾಶಗಂಗೆಯೂ ಅಂಥದೇ ಒಂದು ಗ್ಯಾಲಕ್ಸಿ. ಕಡಮೆಯೆಂದರೂ ಹತ್ತು ಸಾವಿರ ಕೋಟಿ ನಕ್ಷತ್ರಗಳ ಸಂಸಾರ. ಈ ಅಂಕಿಗಳನ್ನು ಬರೆಯುವುದು ಸುಲಭ. ಇವುಗಳನ್ನು ಓದಿದ ಮನಸ್ಸಿಗೆ ಏನಾಗುತ್ತದೆ, ಪುಸ್ತಕಗಳು ಆ ಮನಸ್ಸನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂಬುದೇ ಈ ಲೇಖನದ ವಿಷಯ.

ಇದನ್ನು ಬರೆಯಲು ಕಾರಣಳು ನನ್ನ ತಂಗಿಯ ಮಗಳು. ಗುಂಡ್ಲುಪೇಟೆಯಲ್ಲಿ ಪಿಯುಸಿ ವಿಜ್ಞಾನ ಓದುವವಳು. ಮನೆ ಇರುವುದು ಪಟ್ಟಣದಿಂದಾಚೆ, ಚೆಂಡು ಹೂವಿನ ಹೊಲಗಳ ನಡುವೆ. ಆಗಮನ ಕಾಲದ ಒಂದು ಭಾನುವಾರ ಪೂಜೆ ಮುಗಿಸಿ ಬಂದವಳು, ಅಟ್ಟದಿಂದ ಇಳಿಸಿದ ಕಾಗದದ ನಕ್ಷತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: “ಮಾವ, ಆ ನಕ್ಷತ್ರ ಸಿಡಿದು ಒಂದು ಲೋಕಾನೇ ಸುಟ್ಟು ಹೋಗಿದ್ರೆ, ನಾವು ಇದನ್ನ ಮನೆ ಮುಂದೆ ತೂಗಾಕೋದು ಸರಿನಾ?” ಅವಳು ಆರ್ಥರ್ ಸಿ. ಕ್ಲಾರ್ಕ್ ಬರೆದ ‘ದಿ ಸ್ಟಾರ್’ ಎಂಬ ಸಣ್ಣಕಥೆಯನ್ನು ಓದಿದ್ದಳು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಕಥೆಗಳನ್ನೆಲ್ಲ ನಂಬಬಾರದು ಎಂದು ಗದರಿಸಿ ಕಳುಹಿಸಬಹುದಿತ್ತು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಅದೇ. ಹಾಗೆ ಕಳುಹಿಸಲ್ಪಟ್ಟ ಮಗು ಎರಡನೆಯ ಸಲ ಕೇಳುವುದಿಲ್ಲ.

ಮೊದಲು ಕನ್ನಡದ ಖಗೋಳ ಪುಸ್ತಕಗಳ ಮಾತು. ಈ ವಿಷಯದಲ್ಲಿ ನಾವು ಬಡವರಲ್ಲ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಕುಳಿತು ಬರೆದರು. ಆರ್. ಎಲ್. ನರಸಿಂಹಯ್ಯನವರ ‘ಜಗತ್ತುಗಳ ಹುಟ್ಟು ಸಾವು’ ನನ್ನ ತಲೆಮಾರಿನ ಅನೇಕರಿಗೆ ಆಕಾಶದ ಮೊದಲ ಪಾಠ. ಇವರ ನಂತರ, 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ನೆಲೆಸಿ, 2008ರಲ್ಲಿ ಅಲ್ಲಿಯೇ ತೀರಿಕೊಂಡ ಜಿ. ಟಿ. ನಾರಾಯಣರಾಯರು. ‘ನೋಡೋಣು ಬಾರಾ ನಕ್ಷತ್ರ’ ಎಂದು ಮಕ್ಕಳನ್ನು ಕರೆದವರೂ ಅವರೇ, ‘ಕೃಷ್ಣ ವಿವರಗಳು’ ಎಂದು ಕಠಿಣ ವಿಷಯಕ್ಕೆ ಕೈಹಾಕಿದವರೂ ಅವರೇ. ಗಣಿತದ ಅಧ್ಯಾಪಕರ ಶಿಸ್ತು, ಸಂಗೀತರಸಿಕರ ಕಿವಿ, ಎರಡೂ ಅವರ ಗದ್ಯದಲ್ಲಿವೆ. ಆದರೆ ನಿಜ ಹೇಳಬೇಕು: ಅವರ ಸಂಸ್ಕೃತಮಯವಾದ ದೀರ್ಘ ವಾಕ್ಯಗಳ ಮುಂದೆ ಇಂದಿನ ಪಿಯುಸಿ ವಿದ್ಯಾರ್ಥಿ ಎರಡು ಸಲ ಎಡವುತ್ತಾನೆ. ಮೂರನೆಯ ಸಲ ಎದ್ದು ನಡೆದರೆ ದಾರಿ ಸೊಗಸಾಗಿದೆ. ಅಷ್ಟು ತಾಳ್ಮೆ ಕಲಿಸಿದವರು ಯಾರು?

ಪದಗಳ ತೊಡಕೂ ಇದೆ. ಗ್ಯಾಲಕ್ಸಿಯನ್ನು ಒಬ್ಬರು ಬ್ರಹ್ಮಾಂಡ ಎನ್ನುತ್ತಾರೆ, ಮತ್ತೊಬ್ಬರು ಗ್ಯಾಲಕ್ಸಿ ಎಂದೇ ಬಿಡುತ್ತಾರೆ. ಹಳೆಯ ಪುಸ್ತಕ ಹಿಡಿದವನಿಗೆ ಆಂಡ್ರೊಮೆಡಾ ನೀಹಾರಿಕೆ ಎಂಬ ಹೆಸರು ಎದುರಾಗುತ್ತದೆ. ಇದು ಬರೆದವರ ಅಜ್ಞಾನವಲ್ಲ. 1920ರ ದಶಕದವರೆಗೆ ಆ ಮಸುಕು ಕಲೆ ನಮ್ಮ ಆಕಾಶಗಂಗೆಯೊಳಗಿನ ಅನಿಲದ ಮೋಡವೋ, ಹೊರಗಿನ ಇನ್ನೊಂದು ನಕ್ಷತ್ರಸಂಸಾರವೋ ಎಂಬುದೇ ವಾದದಲ್ಲಿತ್ತು. ಎಡ್ವಿನ್ ಹಬಲ್ 1923ರಲ್ಲಿ ಅದರಲ್ಲೊಂದು ಮಿಡಿಯುವ ನಕ್ಷತ್ರವನ್ನು ಗುರುತಿಸಿ ದೂರವನ್ನು ಅಳೆದ ಮೇಲೆ ವಾದ ಮುಗಿಯಿತು; ಹಳೆಯ ಹೆಸರು ಮಾತ್ರ ಪುಸ್ತಕಗಳಲ್ಲಿ ಉಳಿದುಕೊಂಡಿತು. ಇಂಥ ಒಂದು ಅಡಿಟಿಪ್ಪಣಿ ಮರುಮುದ್ರಣಗಳಲ್ಲಿ ಇದ್ದರೆ ಎಷ್ಟು ಮಕ್ಕಳ ಗೊಂದಲ ಕಳೆಯುತ್ತಿತ್ತು.

ವೈಜ್ಞಾನಿಕ ಕಾದಂಬರಿಯ ಕಥೆ ಬೇರೆ. ರಾಜಶೇಖರ ಭೂಸನೂರಮಠರು ಈ ಪ್ರಕಾರಕ್ಕೆ ಕನ್ನಡದಲ್ಲಿ ಗೌರವ ತಂದುಕೊಟ್ಟರು. ಮನು ಎಂಬ ಹೆಸರಿನಲ್ಲಿ ಬರೆದ ಪಿ. ಎನ್. ರಂಗನ್ ಅವರ ‘ಮಹಾಸಂಪರ್ಕ’ ಮಹಾಭಾರತವನ್ನು ಅನ್ಯಲೋಕದವರ ಸಂಪರ್ಕದೊಂದಿಗೆ ಹೆಣೆದು ಓದುಗರನ್ನು ಬೆರಗುಗೊಳಿಸಿತು. ಕಲ್ಪನೆಯ ಆಟವಾಗಿ ಇದು ಸೊಗಸೇ. ನನ್ನ ತಕರಾರು ಆ ಆಟವನ್ನೇ ಚರಿತ್ರೆಯೆಂದು ಮಾರುವ ಪುಸ್ತಕಗಳ ಮೇಲೆ. ಎರಿಕ್ ಫಾನ್ ಡಾನಿಕೆನ್ 1968ರಲ್ಲಿ ಹೊರತಂದ ಪುಸ್ತಕ ಪ್ರಾಚೀನ ದೇವತೆಗಳೆಲ್ಲ ಅಂತರಿಕ್ಷದಿಂದ ಬಂದ ಯಾತ್ರಿಕರೆಂದು ಸಾಧಿಸಹೊರಟಿತು. ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಿನ ಚಕ್ರಗಳನ್ನು ಕೂಡ ಬಾಹ್ಯಾಕಾಶ ವಾಹನವನ್ನಾಗಿ ಮಾಡಿತು. ಸೆರೆಯಾಳಾಗಿ ಬಾಬಿಲೋನಿಗೆ ಒಯ್ಯಲ್ಪಟ್ಟ ಜನರ ನಡುವೆ, ದೇವರು ನಮ್ಮನ್ನು ಜೆರುಸಲೇಮಿನಲ್ಲಿಯೇ ಬಿಟ್ಟುಬಂದೆವೋ ಎಂದು ಕಳವಳಪಡುವವರಿಗೆ, ಆ ದೇವರ ಸಿಂಹಾಸನಕ್ಕೆ ಚಕ್ರಗಳಿವೆ, ಅದು ಎಲ್ಲಿಗಾದರೂ ಬರಬಲ್ಲದು ಎಂದು ಹೇಳುವ ದರ್ಶನವದು. ಅದನ್ನು ಯಂತ್ರವಾಗಿ ಓದಿದವನಿಗೆ ಯಂತ್ರವೂ ದಕ್ಕುವುದಿಲ್ಲ, ದರ್ಶನವೂ ದಕ್ಕುವುದಿಲ್ಲ. ನಮ್ಮ ಮೊಬೈಲುಗಳಿಗೆ ನಾಸಾದ ಹೆಸರಿನಲ್ಲಿ ಬಂದುಬೀಳುವ ‘ಸ್ವರ್ಗದ ಚಿತ್ರ’ಗಳು ಇದೇ ಮನೆತನದವು. ಭಕ್ತಿಯಿಂದ ಹತ್ತು ಜನರಿಗೆ ಕಳುಹಿಸುವ ಮೊದಲು ಒಮ್ಮೆ ಯೋಚಿಸಿ.

ಇನ್ನು ಕ್ಲಾರ್ಕ್. ‘ದಿ ಸ್ಟಾರ್’ ಪ್ರಕಟವಾದದ್ದು 1955ರಲ್ಲಿ. ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ಕಥೆ ಹೇಳುವವನು ಯೇಸುಸಭೆಯ ಗುರು, ಖಭೌತ ವಿಜ್ಞಾನಿ. ವ್ಯಾಟಿಕನ್‌ನಿಂದ ಮೂರು ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಬಹಳ ಹಿಂದೆ ಸಿಡಿದುಹೋದ ಒಂದು ನಕ್ಷತ್ರದ ಅವಶೇಷವನ್ನು ಪರೀಕ್ಷಿಸಿ ಅವನ ನೌಕೆ ಹಿಂದಿರುಗುತ್ತಿದೆ. ಆ ನಕ್ಷತ್ರದ ಅತ್ಯಂತ ದೂರದ ಗ್ರಹದಲ್ಲಿ ಅವರಿಗೆ ಒಂದು ಭಂಡಾರ ಸಿಕ್ಕಿದೆ. ಸಾವು ಖಚಿತವೆಂದು ತಿಳಿದ ಒಂದು ನಾಗರಿಕ ಜನಾಂಗ ತನ್ನ ಕಲೆ, ಸಂಗೀತ, ಮಕ್ಕಳ ಆಟದ ಚಿತ್ರಗಳನ್ನು ಮುಂದೆಂದಾದರೂ ಬರುವವರಿಗಾಗಿ ಅಲ್ಲಿ ಕಾಪಿಟ್ಟುಹೋಗಿತ್ತು. ಗುರು ಸ್ಫೋಟದ ಕಾಲವನ್ನು ಲೆಕ್ಕಹಾಕುತ್ತಾನೆ. ಅದರ ಬೆಳಕು ಭೂಮಿಯನ್ನು ತಲುಪಿದ ವರ್ಷ ಯಾವುದೆಂದು ನೀವು ಊಹಿಸಿರುತ್ತೀರಿ. ಆ ಜನರನ್ನು ಸುಟ್ಟ ಬೆಂಕಿಯೇ ಬೆತ್ಲೆಹೇಮಿನ ಮೇಲೆ ಬೆಳಗಿತ್ತು.

ಕಥೆ ಅದ್ಭುತವಾಗಿದೆ. ಪುಟಗಳು ಕೆಲವೇ, ಒಂದು ಮಾತೂ ಹೆಚ್ಚಿಲ್ಲ. ಬೆಳಕು ತಡವಾಗಿ ಬರುತ್ತದೆಂಬ ಸಾಮಾನ್ಯ ಸಂಗತಿಯನ್ನು ಹೃದಯಕ್ಕೆ ನಾಟುವ ಹಾಗೆ ಬಳಸಿಕೊಂಡ ಇನ್ನೊಂದು ಕಥೆಯನ್ನು ನಾನು ಓದಿಲ್ಲ. ಗುರುವನ್ನು ಕ್ಲಾರ್ಕ್ ಹಾಸ್ಯಾಸ್ಪದನನ್ನಾಗಿ ಮಾಡುವುದಿಲ್ಲ. ಅಷ್ಟಾದರೂ ಕಥೆಯಲ್ಲಿ ಒಂದು ದೊಡ್ಡ ಕೊರತೆಯಿದೆ, ಅದು ಖಗೋಳಶಾಸ್ತ್ರದ್ದಲ್ಲ. ಮತ್ತಾಯನು ಆ ನಕ್ಷತ್ರವನ್ನು ಹೇಳುವ ಎರಡನೆಯ ಅಧ್ಯಾಯವನ್ನೇ ಪೂರ್ತಿ ತೆರೆದು ನೋಡಿ. ಜೋಯಿಸರು ಕಾಣಿಕೆ ಕೊಟ್ಟು ಹೊರಟ ಸ್ವಲ್ಪದರಲ್ಲೇ ಹೆರೋದನ ಸೈನಿಕರು ಬರುತ್ತಾರೆ. ಎರಡು ವರ್ಷದೊಳಗಿನ ಗಂಡುಮಕ್ಕಳ ಕೊಲೆ, ಸಮಾಧಾನಗೊಳ್ಳಲು ಒಪ್ಪದ ರಾಖೇಲಳ ಗೋಳು. ಅಂದರೆ ನಕ್ಷತ್ರದ ಬೆಳಕೂ ನಿರಪರಾಧಿಗಳ ಸಾವೂ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕದಲ್ಲಿವೆ. ಸುವಾರ್ತಿಕನು ಮುಚ್ಚಿಡಲಿಲ್ಲ, ವಿವರಣೆಯನ್ನೂ ಕೊಡಲಿಲ್ಲ. ಧರ್ಮಸಭೆ ಡಿಸೆಂಬರ್ 28ರಂದು ಆ ಮಕ್ಕಳನ್ನು ನೆನೆಯುತ್ತದೆ, ಕ್ರಿಸ್ಮಸ್ ಆಗಿ ಮೂರೇ ದಿನಕ್ಕೆ. ಕ್ಲಾರ್ಕನ ಗುರು ಮೂರು ಸಾವಿರ ಜ್ಯೋತಿರ್ವರ್ಷ ಪಯಣಿಸಿ ಕಂಡುಕೊಂಡ ಪ್ರಶ್ನೆಯನ್ನು ಬೆತ್ಲೆಹೇಮಿನ ತಾಯಂದಿರು ಆಗಲೇ ಕೇಳಿದ್ದರು. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಜನರ ವಿಷಯ ಬಂದಾಗ, ಅವರು ಉಳಿದವರಿಗಿಂತ ಪಾಪಿಗಳೆಂದು ಎಣಿಸಬೇಡಿ ಎಂದು ಯೇಸುಸ್ವಾಮಿ ಹೇಳಿದ್ದನ್ನು ಲೂಕನು ದಾಖಲಿಸಿದ್ದಾನೆ. 2004ರ ಡಿಸೆಂಬರ್ 26ರಂದು, ಹಬ್ಬದ ಮರುದಿನ, ನಾಗಪಟ್ಟಣದ ಕಡಲತಡಿಯಲ್ಲಿ ಇದೇ ಪ್ರಶ್ನೆ ಎದ್ದಿತು. ಯೇಸುಸಭೆಯ ಒಬ್ಬ ಗುರು ಇದನ್ನೆಲ್ಲ ಮೊದಲ ಬಾರಿಗೆ ಎದುರಿಸುವವನಂತೆ ಕುಸಿಯುತ್ತಾನೆಂಬುದನ್ನು ನಾನು ನಂಬಲಾರೆ. ನೋವನ್ನು ನಂಬುತ್ತೇನೆ, ಆಶ್ಚರ್ಯವನ್ನು ನಂಬಲಾರೆ.

ತಂಗಿಯ ಮಗಳಿಗೆ ಇಷ್ಟನ್ನೇ ಹೇಳಿದೆ. ಅದು ಉತ್ತರವಲ್ಲ ಎಂದಳು. ಅಲ್ಲ ಎಂದು ನಾನೂ ಒಪ್ಪಿಕೊಂಡೆ. ಬೆತ್ಲೆಹೇಮಿನ ನಕ್ಷತ್ರ ಸಿಡಿದ ತಾರೆಯೇ ಎಂಬುದು ಇತ್ಯರ್ಥವಾಗಿಲ್ಲ, ಕ್ರಿ.ಪೂ. 7ರಲ್ಲಿ ಗುರು ಶನಿಗಳು ಆಕಾಶದಲ್ಲಿ ಸಮೀಪಿಸಿದ್ದನ್ನು ಕೆಪ್ಲರ್ ಲೆಕ್ಕಹಾಕಿ ತೋರಿಸಿದ್ದ ಎಂದೆ. ಅವಳಿಗೆ ಅದು ರುಚಿಸಲಿಲ್ಲ, ನುಣುಚಿಕೊಳ್ಳುತ್ತಿದ್ದೇನೆಂದುಕೊಂಡಳು. ಅವಳ ಅನುಮಾನ ಸರಿಯೇ.

ಕಥೆಯ ಗುರುವಿಗಿಂತ ನಿಜಜೀವನದ ಗುರುಗಳು ನನಗೆ ಹೆಚ್ಚು ಕುತೂಹಲಕರರು. ವಿಶ್ವ ವಿಸ್ತರಿಸುತ್ತಿದೆ ಎಂದು 1927ರಲ್ಲಿ ಬರೆದ ಜಾರ್ಜ್ ಲಮೇತ್ರ್ ಬೆಲ್ಜಿಯಂ ದೇಶದ ಧರ್ಮಗುರು. 1931ರಲ್ಲಿ ಆದಿ ಪರಮಾಣುವಿನ ಕಲ್ಪನೆಯನ್ನು ಮಂಡಿಸಿದವರೂ ಅವರೇ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ಹಬಲ್ ನಿಯಮವನ್ನು ಹಬಲ್–ಲಮೇತ್ರ್ ನಿಯಮವೆಂದು ಕರೆಯಲು ಶಿಫಾರಸು ಮಾಡಿತು. ಜಗದ್ಗುರು 12ನೆಯ ಪಯಸ್ 1951ರಲ್ಲಿ ಈ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಹೊಗಳಿದಾಗ ಎಲ್ಲರಿಗಿಂತ ಹೆಚ್ಚು ಸಂಕೋಚಪಟ್ಟವರು ಲಮೇತ್ರ್. ಸಮೀಕರಣದಿಂದ ದೇವರನ್ನು ಸಾಧಿಸಿದರೆ, ನಾಳೆ ಸಮೀಕರಣ ಬದಲಾದಾಗ ಏನು ಮಾಡುವುದು? ಈ ಎಚ್ಚರ ನಮ್ಮ ಪ್ರಬೋಧನೆಗಳಲ್ಲಿ ಸದಾ ಇರುತ್ತದೆಂದು ಹೇಳಲಾರೆ. ಇನ್ನೊಬ್ಬರು ಗೋವಾ ಮೂಲದ ಯೇಸುಸಭೆಯ ಗುರು ರಿಚರ್ಡ್ ಡಿಸೋಜ. 2025ರ ಸೆಪ್ಟೆಂಬರಿನಲ್ಲಿ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾದರು. ಆಂಡ್ರೊಮೆಡಾ ಸುಮಾರು ಇನ್ನೂರು ಕೋಟಿ ವರ್ಷಗಳ ಹಿಂದೆ ಮತ್ತೊಂದು ದೊಡ್ಡ ಗ್ಯಾಲಕ್ಸಿಯನ್ನು ಚೂರುಮಾಡಿ ತನ್ನೊಳಗೆ ಸೇರಿಸಿಕೊಂಡಿತೆಂದು ಅವರೂ ಎರಿಕ್ ಬೆಲ್ ಅವರೂ 2018ರಲ್ಲಿ ತೋರಿಸಿದರು. ಬಂಡೀಪುರದ ಅಂಚಿನಿಂದ ಕಾಣುವ ಆ ಶಾಂತವಾದ ಮಸುಕು ಕಲೆಯ ಹಿಂದಿನ ಚರಿತ್ರೆ ಇದು.

ದೊಡ್ಡವರಿಗಾಗಿ ಇನ್ನೊಂದು ಪುಸ್ತಕ: ಮೇರಿ ಡೋರಿಯಾ ರಸೆಲ್ ಅವರ ‘ದಿ ಸ್ಪ್ಯಾರೋ’, 1996ರ ಇಂಗ್ಲಿಷ್ ಕಾದಂಬರಿ. ಆಲ್ಫಾ ಸೆಂಟಾರಿಯ ಕಡೆಯಿಂದ ಹಾಡಿನ ದನಿ ಕೇಳಿಬಂದಾಗ ಸರ್ಕಾರಗಳಿಗಿಂತ ಮೊದಲು ಯೇಸುಸಭೆಯವರು ಹೊರಡುತ್ತಾರೆ. ಒಳ್ಳೆಯ ಮನಸ್ಸಿನವರು, ಜಾಣರು. ಆದರೂ ತಿಳಿಯದೆ ಮಾಡಿದ ಕೆಲಸದಿಂದ ಅನಾಹುತವಾಗುತ್ತದೆ, ಒಬ್ಬನೇ ಒಬ್ಬ ಗುರು ಮುರಿದ ಮನಸ್ಸಿನಿಂದ ಹಿಂದಿರುಗುತ್ತಾನೆ. ಓದಲು ಕಷ್ಟವಾಗುವ ಹಿಂಸೆ ಅದರಲ್ಲಿದೆ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಆದರೆ ಕ್ಲಾರ್ಕ್ ನಿಲ್ಲಿಸಿದ ಕಡೆಯಿಂದ ಈ ಲೇಖಕಿ ಆರಂಭಿಸುತ್ತಾರೆ: ನಂಬಿಕೆ ಒಡೆದ ಮನುಷ್ಯನ ಪಕ್ಕದಲ್ಲಿ ಉಳಿದವರು ತಿಂಗಳುಗಟ್ಟಲೆ ಹೇಗೆ ಕುಳಿತರು ಎಂಬುದು ಅವರ ಕಥೆ. ಅದಕ್ಕಾಗಿ ಇದನ್ನು ಕ್ಲಾರ್ಕನ ಕಥೆಗಿಂತ ಮೇಲಿಡುತ್ತೇನೆ, ಕೌಶಲದಲ್ಲಿ ಅದು ಕೆಳಗಿದ್ದರೂ. ಅಂದಹಾಗೆ ಆಲ್ಫಾ ಸೆಂಟಾರಿ ಒಂಟಿ ತಾರೆಯಲ್ಲ, ಜೋಡಿ ಎಂದು 1689ರಲ್ಲಿ ಪುದುಚೇರಿಯಿಂದ ಕಂಡುಹಿಡಿದವರೂ ಒಬ್ಬ ಯೇಸುಸಭೆಯ ಗುರು, ರಿಶೋ. ಮೇ ತಿಂಗಳ ಕೊನೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ ನಮ್ಮ ದಕ್ಷಿಣ ದಿಗಂತದ ಮೇಲೆ ಅದನ್ನು ನೀವೂ ನೋಡಬಹುದು, ಮೋಡವಿಲ್ಲದಿದ್ದರೆ.

ಹಬ್ಬದ ಹಿಂದಿನ ವಾರ ತಂಗಿಗೆ ಫೋನ್ ಮಾಡಿ, ಮಗಳು ನಕ್ಷತ್ರ ತೂಗುಹಾಕಿದಳೇ ಎಂದು ಕೇಳಿದೆ. ಹಾಕಿದ್ದಾಳಂತೆ. ಆದರೆ ಎಂಟು ಗಂಟೆಯವರೆಗೆ ಒಳಗಿನ ಬಲ್ಬು ಹಚ್ಚಕೂಡದು, ಅಂಗಳದಿಂದ ಆಂಡ್ರೊಮೆಡಾ ಕಾಣುವುದಿಲ್ಲ ಎಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದಾಳಂತೆ.