ಚಿತ್ರಕಥೆ ಬೆಳ್ಳಿತೆರೆಗೆ ಬಂದಾಗ

ಕನ್ನಡದಲ್ಲಿ 'ಚಿತ್ರಕಥೆ' ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಚೌಕಟ್ಟು ಚೌಕಟ್ಟಾಗಿ ಬರೆದ ಚಿತ್ರಗಳ ಮೂಲಕ ಕಥೆ ಹೇಳುವ ಪುಸ್ತಕವೂ ಚಿತ್ರಕಥೆಯೇ. ಚಲನಚಿತ್ರಕ್ಕಾಗಿ ದೃಶ್ಯ ದೃಶ್ಯವಾಗಿ ಬರೆದಿಟ್ಟುಕೊಳ್ಳುವ ಬರಹವೂ ಚಿತ್ರಕಥೆಯೇ. ಹೆಸರೊಂದೇ ಆದ ಕಾರಣ, ಒಂದರಿಂದ ಇನ್ನೊಂದಕ್ಕೆ ದಾಟುವುದು ಹಿತ್ತಲಿನಿಂದ ಅಂಗಳಕ್ಕೆ ಬಂದಷ್ಟೇ ಸುಲಭವೆಂದು ತೋರಬಹುದು. ಪುಸ್ತಕದಲ್ಲಿ ಚಿತ್ರಗಳು ಸಿದ್ಧವಾಗಿಯೇ ಇವೆಯಲ್ಲ, ಅವುಗಳಿಗೆ ಚಲನೆಯನ್ನೂ ಧ್ವನಿಯನ್ನೂ ಕೊಟ್ಟರೆ ಮುಗಿಯಿತು ಎಂದು ಹಲವರ ಎಣಿಕೆ. ಈ ಎಣಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ನಮ್ಮ ಸೀಮೆಯವರೆಲ್ಲ ನೋಡಿರುವ ಎರಡು ತಮಿಳು ಚಿತ್ರಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ತೇನಿ, ಕಂಬಂ, ದಿಂಡಿಗಲ್ ಸೀಮೆಯ ಕನ್ನಡಿಗರಾದ ನಮಗೆ ಈ ವಿಚಾರದಲ್ಲಿ ಬರಿಯ ಕಲಾಸಕ್ತಿಗಿಂತ ಹೆಚ್ಚಿನದೊಂದು ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇನೆ.

ಚಿತ್ರಗಳಲ್ಲಿ ಕಥೆ ಹೇಳುವುದು ಹೊರಗಿನಿಂದ ಬಂದ ವಿದ್ಯೆ ಎಂದು ತಿಳಿಯಬೇಕಾಗಿಲ್ಲ. ಕರ್ನಾಟಕದ ಊರೂರಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಅಂತಸ್ತುಗಳಿರುತ್ತವೆ. ಕೆಳಗಿನದರಲ್ಲಿ ವೀರನು ಕಾದುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಅಂತಸ್ತುಗಳ ನಡುವಣ ಪಟ್ಟಿಯಲ್ಲಿ ಶಾಸನದ ಅಕ್ಷರಗಳು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಎಷ್ಟೋ ಕಲ್ಲುಗಳಲ್ಲಿ ವೀರನು ಸತ್ತ ಕ್ಷಣವನ್ನೇ ಕಲ್ಕುಟಿಗನು ಕೆತ್ತುವುದಿಲ್ಲ. ಸಾವು ಸಂಭವಿಸುವುದು ಮೊದಲನೆಯ ಮತ್ತು ಎರಡನೆಯ ಚಿತ್ರಗಳ ನಡುವಿನ ಆ ಸಣ್ಣ ಪಟ್ಟಿಯಲ್ಲಿ. ಅಂದರೆ ನೋಡುವವನ ಮನಸ್ಸಿನಲ್ಲಿ. ಇಂದಿನ ಚಿತ್ರಕಥೆಯ ಜೀವಾಳವೂ ಇದೇ. ಒಂದು ಚೌಕದಲ್ಲಿ ಎತ್ತಿದ ಕತ್ತಿ, ಮುಂದಿನ ಚೌಕದಲ್ಲಿ ಬಿದ್ದ ಕಿರೀಟ. ನಡುವೆ ನಡೆದುದನ್ನು ಓದುಗನೇ ಕಟ್ಟಿಕೊಳ್ಳಬೇಕು. ಆದುದರಿಂದ ಚಿತ್ರಕಥೆಯ ಓದುಗನು ಅರ್ಧ ಕರ್ತೃ.

ಭಾರತದ ಮಕ್ಕಳಿಗೆ ಈ ರೂಪವನ್ನು ಮನೆಮಾತಾಗಿಸಿದ ಅಮರ ಚಿತ್ರ ಕಥೆಯೊಡನೆ ಕನ್ನಡಕ್ಕೆ ಹತ್ತಿರದ ನಂಟಿದೆ. ಬೆಂಗಳೂರಿನ ಜಿ.ಕೆ. ಅನಂತರಾಂ ಅವರ ಪ್ರಯತ್ನದಿಂದ 1965ರಲ್ಲಿ ಆ ಹೆಸರಿನ ಪುಸ್ತಕಗಳು ಮೊದಲು ಹೊರಬಂದದ್ದು ಕನ್ನಡದಲ್ಲಿ. ಮುಂದೆ ಅದನ್ನು ದೇಶವ್ಯಾಪಿಯಾಗಿ ಬೆಳೆಸಿದ ಅನಂತ ಪೈ ಅವರು ಕಾರ್ಕಳದಲ್ಲಿ ಹುಟ್ಟಿದವರು. ಹೀಗಿರುವಾಗ ಚಿತ್ರಕಥೆಯನ್ನು ಕುರಿತು ಕನ್ನಡ ಸಂಘದ ಸಂಚಿಕೆಯಲ್ಲಿ ಬರೆಯುವುದು ಅನುಚಿತವಾಗಲಾರದು.

ಪಾಶ್ಚಾತ್ಯರಲ್ಲಿ ಗ್ರಾಫಿಕ್ ಕಾದಂಬರಿಯನ್ನು ಭಾರಿ ವೆಚ್ಚದ ಚಲನಚಿತ್ರವಾಗಿಸುವುದು ಈಗ ದೊಡ್ಡ ಉದ್ಯಮ. ಒಂದು ಉದಾಹರಣೆ ಸಾಕು. ಫ್ರಾಂಕ್ ಮಿಲ್ಲರ್ 1998ರಲ್ಲಿ '300' ಎಂಬ ಚಿತ್ರಕಾದಂಬರಿಯನ್ನು ರಚಿಸಿದರು. ಥರ್ಮಾಪಿಲೆಯ ಕಣಿವೆಯಲ್ಲಿ ಪಾರಸಿಕರ ಮಹಾಸೇನೆಯನ್ನು ತಡೆದು ನಿಂತ ಸ್ಪಾರ್ಟಾದ ವೀರರ ಕಥೆ ಅದು. ಜಾಕ್ ಸ್ನೈಡರ್ ಅದನ್ನು ಚಲನಚಿತ್ರವಾಗಿಸಿದರು. 2007ರಲ್ಲಿ ಅದು ಲೋಕದಾದ್ಯಂತ ತೆರೆಕಂಡಿತು. ಪುಸ್ತಕದ ಎಷ್ಟೋ ಚೌಕಗಳನ್ನು ಅವರು ಹಾಗೆ ಹಾಗೆಯೇ ತೆರೆಗೆ ತಂದರು. ಆದರೂ ಇರಾನ್ ದೇಶದಲ್ಲಿ ಪ್ರತಿಭಟನೆ ಎದ್ದಿತು. ತಮ್ಮ ಪೂರ್ವಿಕರನ್ನು ರಾಕ್ಷಸರಂತೆ ತೋರಿಸಿದ್ದಾರೆಂದು ಅಲ್ಲಿನ ಸರ್ಕಾರವೇ ಆಕ್ಷೇಪಿಸಿತು. ಕಾಗದದ ಮೇಲೆ ಶತ್ರುವು ಕಪ್ಪು ಮಸಿಯ ನೆರಳಾಗಿದ್ದರೆ ಓದುಗನು ಅದನ್ನು ಚಿತ್ರಕಾರನ ಕಲ್ಪನೆಯೆಂದು ಬಗೆಯುತ್ತಾನೆ. ಅದೇ ಶತ್ರುವು ಐವತ್ತು ಅಡಿ ಎತ್ತರದ ತೆರೆಯ ಮೇಲೆ ಗರ್ಜಿಸಿದಾಗ ಅದು ಇತಿಹಾಸವೆಂಬ ಭಾವ ಹುಟ್ಟುತ್ತದೆ. ಈ ಪ್ರಸಂಗದಿಂದ ನಮಗೆ ಎರಡು ಪ್ರಶ್ನೆಗಳು ದೊರಕುತ್ತವೆ. ಚಲನಚಿತ್ರವು ನೋಡುವವನ ಕಲ್ಪನೆಗೆ ಜಾಗ ಉಳಿಸಿದೆಯೆ? ಸೋತವನಿಗೂ ಒಂದು ಮುಖವನ್ನು ಕೊಟ್ಟಿದೆಯೆ? 'ಮೂಲಕ್ಕೆ ನಿಷ್ಠವಾಗಿದೆಯೆ' ಎಂದು ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಿಂತ ಇವು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಈಗ ನಮ್ಮ ಮೊದಲ ಚಿತ್ರ. ಚಿಂಬುದೇವನ್ ಅವರು ಆನಂದ ವಿಕಟನ್ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರರಾಗಿದ್ದವರು. ಅಲ್ಲಿ ಅವರ ಕೈಯಲ್ಲಿ ಮೂಡಿದ ಒಬ್ಬ ಪೆದ್ದ ರಾಜನೇ 2006ರಲ್ಲಿ 'ಇಂಸೈ ಅರಸನ್ 23ಆಂ ಪುಲಿಕೇಸಿ' ಎಂಬ ಚಲನಚಿತ್ರದ ನಾಯಕನಾದನು. ಚಿತ್ರವನ್ನು ನಿರ್ಮಿಸಿದವರು ನಿರ್ದೇಶಕ ಶಂಕರ್. ದ್ವಿಪಾತ್ರದಲ್ಲಿ ನಟಿಸಿದವರು ನಮ್ಮ ನೆರೆಯ ಮದುರೆಯ ವಡಿವೇಲು. ಬರೆದ ಕೈಯೇ ನಿರ್ದೇಶನ ಮಾಡಿದ ಕಾರಣ ವ್ಯಂಗ್ಯಚಿತ್ರದ ಗುಣ ಇಲ್ಲಿ ಕೆಡದೆ ಉಳಿದಿದೆ. ದೃಶ್ಯಗಳು ಚೌಕಗಳಂತೆ ಚಿಕ್ಕವು. ಪ್ರತಿಯೊಂದೂ ಒಂದು ಕುಟುಕಿನೊಡನೆ ಮುಗಿಯುತ್ತದೆ. ಜಾತಿ ಜಗಳಕ್ಕೆಂದೇ ರಾಜನು ಮೈದಾನವನ್ನು ಏರ್ಪಡಿಸುವುದು, ವಿದೇಶಿಯರ ಪಾನೀಯದ ಕಾರ್ಖಾನೆಗೆ ಅನುಮತಿ ಕೊಡುವುದು ಮೊದಲಾದ ಪ್ರಸಂಗಗಳಲ್ಲಿ ಇಂದಿನ ಆಳುವವರ ಹೆಸರನ್ನು ಎತ್ತುವುದೇ ಇಲ್ಲ. ಹೆಸರನ್ನು ತುಂಬಿಕೊಳ್ಳುವ ಕೆಲಸ ಪ್ರೇಕ್ಷಕನದು. ನಮ್ಮ ಮೊದಲ ಪ್ರಶ್ನೆಗೆ ಈ ಚಿತ್ರ ಚೆನ್ನಾಗಿಯೇ ಉತ್ತರ ಕೊಡುತ್ತದೆ.

ಆದರೆ ಹೆಸರಿನ ಮಾತು ಬಂದಾಗ ಕನ್ನಡಿಗನು ಒಂದು ಗಳಿಗೆ ನಿಲ್ಲುತ್ತಾನೆ. ಪುಲಿಕೇಸಿ ಎಂದರೆ ಬಾದಾಮಿಯ ಪುಲಕೇಶಿ. ಹರ್ಷವರ್ಧನನನ್ನು ನರ್ಮದೆಯ ಆಚೆಗೆ ತಡೆದವನು. ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹೊಗಳಿದ ಚಕ್ರವರ್ತಿ. 1967ರ 'ಇಮ್ಮಡಿ ಪುಲಿಕೇಶಿ' ಚಿತ್ರದಲ್ಲಿ ರಾಜಕುಮಾರ್ ಧರಿಸಿದ್ದ ಹೆಸರನ್ನೇ 2006ರಲ್ಲಿ ವಡಿವೇಲು ಧರಿಸಿದರು. ತಮಿಳರಿಗೆ ಈ ಹೆಸರು ಬಂದುದು ಕಲ್ಕಿಯವರ 'ಶಿವಕಾಮಿಯಿನ್ ಶಪಥಂ' ಕಾದಂಬರಿಯ ದಾರಿಯಲ್ಲಿ; ಅಲ್ಲಿ ಪುಲಿಕೇಸಿ ಪಲ್ಲವರ ಶತ್ರು. ಶತ್ರುವಿನ ಹೆಸರನ್ನು ಕೋಡಂಗಿಗೆ ಇಡುವುದು ಎಲ್ಲ ನಾಡುಗಳಲ್ಲಿಯೂ ಇರುವ ರೂಢಿ. ಇದಕ್ಕೆ ಕೋಪಿಸಿಕೊಳ್ಳಬೇಕಾಗಿಲ್ಲ. ಚಿತ್ರದ ಕಥೆ ನಡೆಯುವುದು 18ನೆಯ ಶತಮಾನದ ಕೊನೆಯ ಭಾಗದಲ್ಲಿ. ಬಾದಾಮಿಗೂ ಅದಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ಬೇರೆ ಕಡೆ. 1755ರಲ್ಲಿ ಹೈದರ್ ಅಲಿ ಮೈಸೂರಿನ ಫೌಜುದಾರನಾಗಿ ಬಂದುದು ನಮ್ಮ ದಿಂಡಿಗಲ್ಲಿಗೆ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಈ ಸೀಮೆ ಲೆಕ್ಕದಲ್ಲಿ ಮೈಸೂರಿನದು. ದಿಂಡಿಗಲ್ ಕೋಟೆಯನ್ನು ಹತ್ತುವ ನಮ್ಮ ಮಕ್ಕಳಿಗೆ ಆ ಪುಲಿಕೇಸಿಯ ಕಾಲವೇ ಹೈದರನ ಕಾಲವೂ ಹೌದೆಂದು ಹೇಳಿಕೊಟ್ಟರೆ ನಗುವಿನ ಜೊತೆಗೆ ಇತಿಹಾಸವೂ ದಕ್ಕುತ್ತದೆ.

ಎರಡನೆಯ ಚಿತ್ರ ಬೇರೆ ಪ್ರಮಾಣದ್ದು. ಕಲ್ಕಿಯವರ 'ಪೊನ್ನಿಯಿನ್ ಸೆಲ್ವನ್' 1950ರಿಂದ 1954ರವರೆಗೆ ಕಲ್ಕಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಅದು ಕಟ್ಟುನಿಟ್ಟಿನ ಅರ್ಥದಲ್ಲಿ ಚಿತ್ರಕಾದಂಬರಿಯಲ್ಲ. ಆದರೆ ಮಣಿಯಂ ಅವರ ಚಿತ್ರಗಳನ್ನು ಬಿಟ್ಟು ಅದನ್ನು ನೆನೆಯುವ ತಮಿಳನಿಲ್ಲ. ವಂದಿಯತ್ತೇವನ್, ಕುಂದವೈ, ನಂದಿನಿ ಇವರ ಮುಖಗಳು ಓದುಗರ ಮನಸ್ಸಿನಲ್ಲಿ ನಿಂತದ್ದು ಮಣಿಯಂ ಅವರ ರೇಖೆಗಳಿಂದ. ಈಚೆಗೆ ಅದು ಪೂರ್ಣ ಚಿತ್ರಕಥೆಯ ರೂಪದಲ್ಲಿಯೂ ಬಂದಿದೆ. ವಾರಕ್ಕೊಮ್ಮೆ ಒಂದೆರಡು ಚಿತ್ರ, ನಡುವೆ ಏಳು ದಿನಗಳ ಬಿಡುವು. ಆ ಬಿಡುವಿನಲ್ಲಿ ಓದುಗರು ತಾವೇ ಕಥೆ ಬೆಳೆಸಿಕೊಂಡರು. 1958ರಲ್ಲಿಯೇ ಎಂ.ಜಿ. ರಾಮಚಂದ್ರನ್ ಇದರ ಹಕ್ಕು ಪಡೆದಿದ್ದರೂ ಚಿತ್ರ ಕೈಗೂಡಲಿಲ್ಲ. ಕೊನೆಗೆ ಮಣಿರತ್ನಂ ಅವರ ನಿರ್ದೇಶನದಲ್ಲಿ ಮೊದಲ ಭಾಗ 2022ರ ಸೆಪ್ಟೆಂಬರ್ 30ರಂದು, ಎರಡನೆಯದು 2023ರ ಏಪ್ರಿಲ್ 28ರಂದು ತೆರೆಕಂಡವು. ಎರಡಕ್ಕೂ ಕೂಡಿ ಸುಮಾರು 500 ಕೋಟಿ ರೂಪಾಯಿ ವೆಚ್ಚವಾಯಿತೆಂದು ಪತ್ರಿಕೆಗಳು ಬರೆದವು.

ಹಣದ ಮೊತ್ತ ವಿಮರ್ಶೆಗೆ ಹೊರಗಿನ ಸಂಗತಿಯಲ್ಲ. ಇಷ್ಟು ಹಣ ಮರಳಿ ಬರಬೇಕಾದರೆ ತಮಿಳುನಾಡೊಂದೇ ಸಾಲದು. ಚಿತ್ರವನ್ನು ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಬಿಡಬೇಕು. ಕಾದಂಬರಿಯ ಹೆಸರನ್ನೇ ಕೇಳದ ಉತ್ತರದ ಪ್ರೇಕ್ಷಕನಿಗೆ ಯಾರು ನಮ್ಮವರು, ಯಾರು ಹಗೆಗಳು ಎಂಬುದು ಮೊದಲ ಹತ್ತು ನಿಮಿಷಗಳಲ್ಲಿಯೇ ತಿಳಿಯಬೇಕು. ಕಲ್ಕಿಯವರ ಕಾದಂಬರಿ ತೆರೆದುಕೊಳ್ಳುವುದು ಆಡಿ ಹದಿನೆಂಟರ ಹಬ್ಬದ ದಿನ, ವೀರನಾರಾಯಣ ಕೆರೆಯ ದಂಡೆಯ ಮೇಲೆ. ದಣಿದ ಕುದುರೆಯ ಮೇಲೆ ಒಬ್ಬ ಯುವಕ; ಸುತ್ತ ಹೊಸ ನೀರನ್ನು ಪೂಜಿಸುವ ಜನ. ಚಲನಚಿತ್ರ ತೆರೆದುಕೊಳ್ಳುವುದು ಯುದ್ಧದಿಂದ. ಆದಿತ್ಯ ಕರಿಕಾಲನು ರಾಷ್ಟ್ರಕೂಟರ ಮೇಲೆ ಬೀಳುತ್ತಾನೆ; ಸವಾರನೂ ಹೊಳೆಯೂ ಆಮೇಲೆ ಹಾಡಿನಲ್ಲಿ ಬರುತ್ತವೆ. ರವಿವರ್ಮನ್ ಅವರ ಛಾಯಾಗ್ರಹಣ, ತೋಟ ತರಣಿ ಅವರ ಕಲಾನಿರ್ದೇಶನ ಮೆಚ್ಚತಕ್ಕವು. ಆದರೆ ಹಬ್ಬದ ಜಾಗದಲ್ಲಿ ಯುದ್ಧ ಬಂದುದು ನಿರ್ದೇಶಕರ ರುಚಿಗಿಂತ ಹೆಚ್ಚಾಗಿ ಬಂಡವಾಳದ ಅಗತ್ಯವೆಂದು ನನಗೆ ತೋರುತ್ತದೆ.

ಎರಡನೆಯ ಪ್ರಶ್ನೆಗೆ ಈ ಚಿತ್ರದ ಉತ್ತರ ಎರಡು ಬಗೆಯದು. ನಾವು ವಾಸಿಸುತ್ತಿರುವುದು ಪಾಂಡ್ಯನಾಡು. ನಮ್ಮ ನುಡಿ ಬಂದುದು ರಾಷ್ಟ್ರಕೂಟರು ಆಳಿದ ನಾಡಿನಿಂದ. ಕಥೆಯಲ್ಲಿ ಇಬ್ಬರೂ ಸೋತವರೇ. ಪಾಂಡ್ಯರ ಪರವಾಗಿ ಇಲ್ಲಿ ನಂದಿನಿ ಇದ್ದಾಳೆ. ಐಶ್ವರ್ಯಾ ರೈ ನಟಿಸಿದ ಈ ಪಾತ್ರಕ್ಕೆ ದ್ವೇಷವಿದೆ, ದ್ವೇಷಕ್ಕೆ ಕಾರಣವಿದೆ, ಕಾರಣದ ಹಿಂದೆ ಗಾಯವಿದೆ. ಎರಡನೆಯ ಭಾಗದಲ್ಲಿ ಅವಳೂ ಕರಿಕಾಲನೂ ಎದುರಾಗುವ ಪ್ರಸಂಗದಲ್ಲಿ ನಿರ್ದೇಶಕರು ಮುಖಗಳನ್ನು ನಂಬಿ ಸುಮ್ಮನಾಗುತ್ತಾರೆ. ವೀರಗಲ್ಲಿನ ಕಲ್ಕುಟಿಗ ಬಿಟ್ಟಂತಹ ಜಾಗವನ್ನು ಅಲ್ಲಿ ನಮಗೆ ಬಿಡುತ್ತಾರೆ. ಇಡೀ ಕೃತಿಯ ಶ್ರೇಷ್ಠ ಭಾಗ ಅದು. ರಾಷ್ಟ್ರಕೂಟ ದೊರೆ ಖೊಟ್ಟಿಗನಿಗೆ ಈ ಭಾಗ್ಯವಿಲ್ಲ. ಅವನು ಬರುವುದು ಚೋಳರ ಪರಾಕ್ರಮಕ್ಕೆ ಒರೆಗಲ್ಲಾಗಿ ಮಾತ್ರ.

ಇತಿಹಾಸದಲ್ಲಿ ಇದಕ್ಕೆ ಹಿಂದಿನದೊಂದು ಪುಟವಿದೆ. ಕ್ರಿ.ಶ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಅದನ್ನು ಹೇಳುವುದು ಮಂಡ್ಯ ಸೀಮೆಯ ಆತಕೂರಿನ ಕನ್ನಡ ಶಾಸನ. ಆ ಕಲ್ಲಿನ ಮೇಲೆ ಕೆತ್ತಿರುವುದು ರಾಜರ ಯುದ್ಧವನ್ನಲ್ಲ. ಮಣಲೇರನೆಂಬ ಭಟನ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡುವ ಚಿತ್ರ ಅಲ್ಲಿದೆ. ಚೋಳರ ಮೇಲಿನ ಗೆಲುವು ಅಕ್ಷರಗಳಲ್ಲಿ. ನಾಯಿಯ ಸಾಹಸ ಚಿತ್ರದಲ್ಲಿ. ಹಗೆಯನ್ನು ಹೀನವಾಗಿ ಚಿತ್ರಿಸುವ ಗೋಜಿಗೆ ಆ ಕಲ್ಕುಟಿಗ ಹೋಗಲಿಲ್ಲ. ಇನ್ನು ಖೊಟ್ಟಿಗನ ರಾಜಧಾನಿಯಾದ ಮಾನ್ಯಖೇಟವನ್ನು 972ರಲ್ಲಿ ಸೂರೆಗೈದವನು ಮಾಳವದ ಪರಮಾರ ಸೀಯಕ. ಚಿತ್ರಮಂದಿರದಲ್ಲಿ ಚೋಳರ ಧ್ವಜಕ್ಕೆ ಚಪ್ಪಾಳೆ ತಟ್ಟುವ ನಮ್ಮ ಮೊಮ್ಮಕ್ಕಳು ತಟ್ಟಲಿ. ಅವರು ಈ ನೆಲದ ಮಕ್ಕಳೂ ಹೌದು. ಮನೆಗೆ ಬಂದ ಮೇಲೆ ತಕ್ಕೋಲದ ಮಾತನ್ನೂ ಆತಕೂರಿನ ನಾಯಿಯ ಕಥೆಯನ್ನೂ ಹೇಳುವ ಹೊಣೆ ನಮ್ಮದು. ಸಿನಿಮಾದವರನ್ನು ದೂರುವುದರಿಂದ ಈ ಹೊಣೆ ಕಳೆಯದು.

ಮೊದಲಲ್ಲಿ ಹೇಳಿದ ಸಂಬಂಧಕ್ಕೆ ಈಗ ಬರುತ್ತೇನೆ. ನಮ್ಮ ಮನೆಗಳಲ್ಲಿ ಮಾತು ಕನ್ನಡ, ಶಾಲೆಯಲ್ಲಿ ಓದು ತಮಿಳು. ಮಕ್ಕಳು ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುತ್ತಾರೆ; ಕನ್ನಡದ ಅಕ್ಷರವನ್ನು ಕಂಡರೆ ತಡವರಿಸುತ್ತಾರೆ. ಇಂತಹವರ ಕೈಗೆ ಇನ್ನೂರು ಪುಟದ ಕಾದಂಬರಿಯನ್ನು ಕೊಟ್ಟು ಪ್ರಯೋಜನವಿಲ್ಲವೆಂದು ಪಾಠ ಹೇಳಿದ ಯಾರಾದರೂ ಬಲ್ಲರು. ಚಿತ್ರಕಥೆಯಲ್ಲಿ ಮಾತು ಕಡಿಮೆ, ಚಿತ್ರ ಹೆಚ್ಚು. ಮಾತು ಕೂಡ ಆಡುಮಾತಿಗೆ ಹತ್ತಿರ. ಬಾಯಲ್ಲಿರುವ ಕನ್ನಡವನ್ನು ಕಣ್ಣಿಗೆ ತರುವ ಸಾಧನ ಇದಕ್ಕಿಂತ ಸುಲಭವಾದದ್ದು ಇಲ್ಲ.

ವಸ್ತುವಿಗೆ ಕೊರತೆಯೂ ಇಲ್ಲ. ಕಂಬಂನ ನಂದಗೋಪಾಲನ ತೊಳುವಿನಲ್ಲಿ ನಮ್ಮವರು ತಲೆತಲಾಂತರದಿಂದ ಸಾಕಿಕೊಂಡು ಬಂದ ದೇವರ ಆವುಗಳಿವೆ. ಅವುಗಳಲ್ಲಿ ಒಂದು ಪಟ್ಟದ ಆವು. ಪಟ್ಟ ತೆರವಾದಾಗ ಮಂದೆಯನ್ನೆಲ್ಲ ಕೂಡಿಸಿ, ಪೂಜೆ ಮಾಡಿ, ಕಬ್ಬನ್ನು ಮುಂದಿಟ್ಟು ಕಾಯುವುದು, ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿಡುವುದೋ ಅದಕ್ಕೇ ಪಟ್ಟ ಕಟ್ಟುವುದು ಹಿಂದಿನಿಂದ ಬಂದ ಪದ್ಧತಿ. ಇದಕ್ಕಿಂತ ಒಳ್ಳೆಯ ಚೌಕಗಳ ಸಾಲನ್ನು ಯಾವ ಚಿತ್ರಕಾರನು ಕಲ್ಪಿಸಿಯಾನು? ಮಂದೆ, ಕಬ್ಬು, ಕಾಯುತ್ತಿರುವ ಜನ, ಒಂದು ಹೋರಿಯ ಎತ್ತಿದ ತಲೆ. ನಮ್ಮ ಆಂಡಿಪಟ್ಟಿ ತಾಲ್ಲೂಕಿನ ಪುಲಿಮಾನ್‌ಕೊಂಬೈಯಲ್ಲಿ 2006ರಲ್ಲಿ ತಮಿಳು ಬ್ರಾಹ್ಮಿ ಲಿಪಿಯ ಅತಿ ಪ್ರಾಚೀನ ವೀರಗಲ್ಲುಗಳು ದೊರೆತವು. ಒಂದು, ದನಗಳಿಗಾಗಿ ನಡೆದ ಕಾಳಗದಲ್ಲಿ ಮಡಿದವನದು. ತಮಿಳರು 'ಆಕೋಳ್' ಎಂದುದನ್ನು ಹಳಗನ್ನಡದವರು 'ತುರುಗೋಳ್' ಎಂದರು. ಆ ಕಲ್ಲಿನಲ್ಲಿ ಅಕ್ಷರಗಳಿವೆ, ಚಿತ್ರವಿಲ್ಲ. ನಮ್ಮ ಹಿರಿಯರು ದನಕರುಗಳೊಡನೆ ತೆಂಕಣಕ್ಕೆ ನಡೆದು ಬಂದ ಕಥೆಗೆ ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ. ಅದು ಮುದುಕರ ನಾಲಿಗೆಯ ಮೇಲಷ್ಟೇ ಇದೆ.

ಅದನ್ನು ಚಲನಚಿತ್ರವಾಗಿಸುವವರು ಮುಂದೆ ಯಾರಾದರೂ ಬಂದಾರು. ಅವರ ಕೈಗೆ ಹೋಗುವ ಮೊದಲು ಅದು ನಮ್ಮ ಕೈಯಲ್ಲಿ ಚಿತ್ರಕಥೆಯಾಗಿ ಇರತಕ್ಕದ್ದು. ಚಿತ್ರ ಬರೆಯಬಲ್ಲ ಹುಡುಗ ಹುಡುಗಿಯರು ನಮ್ಮಲ್ಲಿ ಇದ್ದಾರೆ. ಹದಿನಾರು ಪುಟಗಳ ಒಂದು ಪುಸ್ತಕ, ಕಪ್ಪು ಬಿಳುಪಿನಲ್ಲಿಯೇ ಆಗಲಿ, ಕೆಳಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ನಮ್ಮ ಮನೆಮಾತು. ಇದಕ್ಕೆ ಕೋಟಿ ಬೇಡ. ಮುಂದಿನ ಸಮಾವೇಶದ ವೇಳೆಗೆ ಪಟ್ಟದ ಆವಿನ ಕಥೆಯನ್ನು ಇಂತಹ ಪುಸ್ತಕವಾಗಿ ತರುವ ಕೆಲಸವನ್ನು ಸಂಘವು ಕೈಗೆತ್ತಿಕೊಳ್ಳಬೇಕೆಂದು ಸದಸ್ಯರಲ್ಲಿ ನನ್ನ ಸವಿನಯ ಸೂಚನೆ.