ಸ್ವತಂತ್ರ ಕಾರ್ಮಿಕ ಪಕ್ಷದ ಸಮತಾಪ್ರತಿಜ್ಞೆ: ಬೆಳಗಾವಿ ಸೀಮೆಯ ದೃಷ್ಟಿಯಿಂದ ಒಂದು ವಿಮರ್ಶೆ

ಜಾತಿಭೇದವನ್ನು ಅಳಿಸಿ ಸರ್ವರಿಗೂ ಸಮಾನ ನಾಗರಿಕ ಹಕ್ಕುಗಳನ್ನು ದೊರಕಿಸುವೆವೆಂದು ರಾಜಕೀಯ ಪಕ್ಷವೊಂದು ಪ್ರತಿಜ್ಞೆ ಮಾಡಿದಾಗ, ಆ ಪ್ರತಿಜ್ಞೆಯನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡತಕ್ಕದ್ದು? ಶಬ್ದಗಳಿಂದಲೇ ಅಳೆಯುವದಾದರೆ ಪಕ್ಷಪಕ್ಷಗಳಲ್ಲಿ ವಿಶೇಷ ಅಂತರವು ಕಾಣದು. ಹಕ್ಕನ್ನು ಚಲಾಯಿಸಿದವನ ಮರುದಿನದ ಅನ್ನವು ಯಾರ ಕೈಯಲ್ಲಿರುವದು ಎಂಬ ಪ್ರಶ್ನೆಗೆ ಆ ಪಕ್ಷವು ಕೊಟ್ಟ ಉತ್ತರವೇ ನಿಜವಾದ ಒರೆಗಲ್ಲು. ಡಾ. ಬಿ. ಆರ್. ಅಂಬೇಡಕರರು 1936ರ ಅಗಸ್ಟ ತಿಂಗಳಲ್ಲಿ ಸ್ಥಾಪಿಸಿದ ಸ್ವತಂತ್ರ ಕಾರ್ಮಿಕ ಪಕ್ಷವನ್ನು, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಸೀಮೆಯಿಂದ ನೋಡಿದರೆ, ಅದರ ಗುಣವೂ ಕೊರತೆಯೂ ಈ ಒರೆಗಲ್ಲಿನ ಮೇಲೆ ಗೋಚರಿಸುವವು.

ಪಕ್ಷವು ಹುಟ್ಟುವ ಮುಂಚೆ ಒಳ್ಳೆಯ ಮಾತಿಗೆ ಬರವಿದ್ದಿಲ್ಲ. ದಲಿತ ವರ್ಗಗಳ ಮೇಲಣ ನಿರ್ಬಂಧಗಳನ್ನು ತೆಗೆಯಬೇಕೆಂದು ಕಾಂಗ್ರೆಸ್ಸು 1917ರ ಕಲಕತ್ತೆಯ ಅಧಿವೇಶನದಲ್ಲಿಯೇ ಠರಾವು ಮಾಡಿತ್ತು. 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ನೆರೆದ ಅಧಿವೇಶನಕ್ಕೆ ಅಧ್ಯಕ್ಷರಾದ ಮಹಾತ್ಮಾ ಗಾಂಧಿಯವರು ಅಸ್ಪೃಶ್ಯತಾ ನಿವಾರಣೆಯ ಅಗತ್ಯವನ್ನು ಎತ್ತಿ ಹೇಳಿದರು. 1931ರ ಕರಾಚಿ ಠರಾವು ಬಾವಿ, ರಸ್ತೆ, ಶಾಲೆಗಳ ಮೇಲೆ ಎಲ್ಲರಿಗೂ ಸಮಾನ ಹಕ್ಕನ್ನು ಸಾರಿತು. ಮುಂಬಯಿಯ ಕಾಯದೆ ಕೌನ್ಸಿಲಿನಲ್ಲಿ ಎಸ್. ಕೆ. ಬೋಲೆಯವರು ಸಾರ್ವಜನಿಕ ಬಾವಿ, ಧರ್ಮಶಾಲೆ ಮೊದಲಾದವುಗಳನ್ನು ಅಸ್ಪೃಶ್ಯರಿಗೆ ತೆರೆಯುವ ಠರಾವನ್ನು 1923ರಲ್ಲಿ ತಂದರು. ಆದರೆ ಅದನ್ನು ಪಾಲಿಸದ ಸಂಸ್ಥೆಗಳ ಸಹಾಯಧನವನ್ನು ನಿಲ್ಲಿಸಬೇಕೆಂದು 1926ರಲ್ಲಿ ಅವರೇ ಮತ್ತೊಂದು ಠರಾವನ್ನು ತರಬೇಕಾಯಿತು. ಎರಡನೆಯದರ ಅವಶ್ಯಕತೆಯೇ ಮೊದಲನೆಯದರ ಗತಿಯನ್ನು ತಿಳಿಸುವದು.

ಈ ವಿಫಲತೆಗೆ ಮೇಲ್ಜಾತಿಯವರ ಹಟವೊಂದೇ ಕಾರಣವಲ್ಲ. ಮಹಾರ ವತನದ ಪದ್ಧತಿಯಲ್ಲಿ ವತನದಾರನು ಹಗಲಿರುಳೆನ್ನದೆ ಸರಕಾರದ ಮತ್ತು ಊರಿನ ಚಾಕರಿಯನ್ನು ಮಾಡಬೇಕಾಗಿದ್ದಿತು. ಇದಕ್ಕೆ ಪ್ರತಿಫಲವೆಂದರೆ ತುಂಡು ಇನಾಮು ಭೂಮಿ ಮತ್ತು ರೈತರು ಸುಗ್ಗಿಯಲ್ಲಿ ಕೊಡುವ ಕಾಳಿನ ಆಯ. ಬಾವಿಯ ನೀರನ್ನು ಮುಟ್ಟಿದವನಿಗೆ ಆಯವನ್ನು ನಿಲ್ಲಿಸಿದರೆ ಸಾಕು, ಠರಾವು ಕಾಗದದಲ್ಲಿಯೇ ಉಳಿಯುವದು. 1925ರಲ್ಲಿ ನಿಪ್ಪಾಣಿಯಲ್ಲಿ ನೆರೆದ ಬಹಿಷ್ಕೃತ ವರ್ಗಗಳ ಪ್ರಾಂತಿಕ ಪರಿಷತ್ತಿಗೆ ಅಧ್ಯಕ್ಷರಾಗಿದ್ದ ಅಂಬೇಡಕರರು ಈ ಗಂಟನ್ನು ಬಲ್ಲವರಾಗಿದ್ದರು. ವತನದಾರರು ಪೂರ್ಣ ಕಂದಾಯವನ್ನು ಕೊಟ್ಟು ಭೂಮಿಯನ್ನು ಉಳಿಸಿಕೊಂಡು ಚಾಕರಿಯಿಂದ ಬಿಡುಗಡೆ ಹೊಂದುವಂತೆಯೂ, ಕಾಳಿನ ಆಯವು ನಗದು ಪಟ್ಟಿಯಾಗಿ ಮಾರ್ಪಡುವಂತೆಯೂ ಅವರು 1928ರ ಮಾರ್ಚದಲ್ಲಿ ಮಸೂದೆಯನ್ನು ಮಂಡಿಸಿದರು. ಅದು ಸೆಲೆಕ್ಟ ಕಮಿಟಿಯಲ್ಲಿ ರೂಪಗೆಟ್ಟದ್ದರಿಂದ 1929ರಲ್ಲಿ ಅವರೇ ಅದನ್ನು ಹಿಂದೆಗೆದುಕೊಂಡರು.

ಪಕ್ಷದ ಹೆಸರು ಈ ಅರಿವಿನ ಫಲವೇ ಆಗಿದೆ. 'ದಲಿತ ವರ್ಗ'ವೆಂಬುದನ್ನು ಬಿಟ್ಟು 'ಕಾರ್ಮಿಕ'ವೆಂಬುದನ್ನು ಆಯ್ದುಕೊಂಡದ್ದರಿಂದ, ಜಾತಿಯ ಅಪಮಾನ ಮತ್ತು ದುಡಿಮೆಯ ಪರಾಧೀನತೆಗಳು ಒಂದೇ ವ್ಯಾಧಿಯ ಎರಡು ಲಕ್ಷಣಗಳೆಂದು ಸಾರಿದಂತಾಯಿತು. ಗೇಣಿದಾರರ ರಕ್ಷಣೆ, ಭೂ ಅಡವು ಬ್ಯಾಂಕುಗಳು, ಕಾರಖಾನೆಯ ಕೆಲಸಗಾರರ ಹಿತದ ಕಾಯದೆಗಳು, ತಾಂತ್ರಿಕ ಶಿಕ್ಷಣ ಇವೆಲ್ಲ ಅದರ ಪ್ರಣಾಳಿಕೆಯಲ್ಲಿ ಬಂದವು. 1937ರ ಚುನಾವಣೆಯಲ್ಲಿ ಬೆಳಗಾವಿ ಉತ್ತರ ಮತಕ್ಷೇತ್ರದಿಂದ ಈ ಪಕ್ಷದ ಬಿ. ಎಚ್. ವರಾಳೆಯವರು ಆರಿಸಿ ಬಂದರು. ಅದೇ ವರ್ಷದ ಸಪ್ಟೆಂಬರದಲ್ಲಿ ಕೊಂಕಣದ ಖೋತಿ ಪದ್ಧತಿಯನ್ನು ತೆಗೆಯುವ ಮಸೂದೆಯನ್ನು ಅಂಬೇಡಕರರು ಮಂಡಿಸಿದರು. ಅಲ್ಪಮತದ ಪಕ್ಷಕ್ಕೆ ಅದು ಕೈಗೂಡಲಿಲ್ಲ. ಅಧಿಕಾರದಲ್ಲಿದ್ದ ಕಾಂಗ್ರೆಸ್ಸು 1938ರಲ್ಲಿ ಮಾಡಿದ ದೇವಾಲಯದ ಕಾಯದೆಯಾದರೋ ಧರ್ಮದರ್ಶಿಗಳು ಒಪ್ಪಿದಲ್ಲಿ ಮಾತ್ರ ಬಾಗಿಲನ್ನು ತೆರೆಯಿಸಿತು. ಒಪ್ಪಿಗೆಯನ್ನು ಕಾಯಬೇಕಾದ ಹಕ್ಕು ಅನುಗ್ರಹವೇ ಸರಿ. 1947ರ ಕಾಯದೆಯಲ್ಲಿ ಆ ದೋಷವು ತಿದ್ದಲ್ಪಟ್ಟಿತು.

ಹೀಗಿದ್ದರೂ ಸ್ವತಂತ್ರ ಕಾರ್ಮಿಕ ಪಕ್ಷದ ದೃಷ್ಟಿಗೆ ಒಂದು ಮಿತಿಯಿದ್ದಿತು. ಅದನ್ನರಿಯಲು ಅಥಣಿ ತಾಲೂಕಿನ ಕೊಕಟನೂರಿನ ಕಡೆಗೆ ತಿರುಗಬೇಕು. ಅಲ್ಲಿಯ ಯಲ್ಲಮ್ಮನ ಗುಡಿಯು ಜಾತ್ರೆಗೆ ಹೆಸರಾದಂತೆ, ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯ ಸಂಬಂಧದಲ್ಲಿಯೂ ಹೆಸರಾಯಿತು. ಮುತ್ತು ಕಟ್ಟಿಸಿಕೊಂಡ ಮಗಳು ತವರಿನಲ್ಲಿಯೇ ಉಳಿದು ಗಂಡುಮಗನಂತೆ ಮನೆಯ ಭಾರವನ್ನು ಹೊರುವಳು. 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯದೆಯು ಈ ಅರ್ಪಣೆಯನ್ನು ನಿಷೇಧಿಸಿ, ಅಂತಹ ಸ್ತ್ರೀಯ ವಿವಾಹವನ್ನು ಸಿಂಧುವೆಂದು ಸಾರಿತು. 1936ರ ಜೂನದಲ್ಲಿ ಮುಂಬಯಿಯಲ್ಲಿ ದೇವದಾಸಿ, ಜೋಗತಿಯರ ಸಭೆಯಲ್ಲಿ ಅಂಬೇಡಕರರು ಆ ಜೀವನವನ್ನು ತ್ಯಜಿಸಬೇಕೆಂದು ನಿಷ್ಠುರವಾಗಿ ಹೇಳಿದರು. ಜೀವನೋಪಾಯದ ಪ್ರಶ್ನೆಗೆ ಮಾತ್ರ, ಮಾರ್ಗಗಳು ನೂರಾರಿವೆಯೆಂಬುದಕ್ಕಿಂತ ಹೆಚ್ಚಿನ ಉತ್ತರವನ್ನು ಕೊಡಲಿಲ್ಲ. ವತನದಾರನಿಗೆ ಭೂಮಿಯನ್ನು ಕೇಳಿದ ನಾಯಕರೇ ಇಲ್ಲಿ ನೈತಿಕ ಆಜ್ಞೆಯಲ್ಲಿ ನಿಂತರು. ಎರಡು ತಿಂಗಳ ತರುವಾಯ ಹುಟ್ಟಿದ ಪಕ್ಷದ ಗೇಣಿದಾರ, ಕೂಲಿಕಾರರೆಂಬ ವರ್ಗಗಳಲ್ಲಿ, ಪಡಲಿಗೆ ಹೊತ್ತು ಜೋಗ ಬೇಡುವವಳು ಸುಲಭವಾಗಿ ಅಡಕವಾಗುವವಳಲ್ಲ.

1942ರಲ್ಲಿ ಪರಿಶಿಷ್ಟ ಜಾತಿಗಳ ಫೆಡರೇಶನ್ನು ಈ ಪಕ್ಷದ ಸ್ಥಾನವನ್ನು ತೆಗೆದುಕೊಂಡಿತು. ಗ್ರಾಮವತನಗಳನ್ನು ರದ್ದುಗೊಳಿಸುವ ಕಾಯದೆಯು ಮೈಸೂರು ರಾಜ್ಯದಲ್ಲಿ 1961ರಲ್ಲಿ ಆಗಿ 1963ರಿಂದ ಜಾರಿಗೆ ಬಂದಿತು. ಪಕ್ಷವು ಕಂಡ ಅರ್ಧವು ಹೀಗೆ ನೆರವೇರಿತು. ಉಳಿದರ್ಧದ ಚರಿತ್ರೆ ಬೇರೆ. ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯದೆಯು ಅರ್ಪಣೆಗೆ 3 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿ, ಅಪರಾಧಿಯು ತಂದೆತಾಯಿ ಅಥವಾ ಸಂಬಂಧಿಯಾಗಿದ್ದರೆ ಅದನ್ನು 5 ವರ್ಷಗಳವರೆಗೆ ಏರಿಸಿತು. ಬಡತನವು ಮಾಡಿಸಿದ ಕೃತ್ಯಕ್ಕೆ ಬಡವರ ಮೇಲೆಯೇ ಹೆಚ್ಚಿನ ದಂಡವಾಯಿತು. 1993-94ರ ಸರಕಾರೀ ಸಮೀಕ್ಷೆಯು ರಾಜ್ಯದಲ್ಲಿ 22,873 ದೇವದಾಸಿಯರನ್ನು ಎಣಿಸಿತು. 2025ರಲ್ಲಿ ವಿಧಾನಮಂಡಲದ ಮುಂದೆ ಬಂದ ಹೊಸ ಮಸೂದೆಯ ಹೆಸರಿನಲ್ಲಿಯೇ ನಿಷೇಧದೊಡನೆ ಪರಿಹಾರ, ಪುನರ್ವಸತಿಗಳು ಸೇರಿದವು.

ಆದುದರಿಂದ ಸ್ವತಂತ್ರ ಕಾರ್ಮಿಕ ಪಕ್ಷಕ್ಕೆ ಸಲ್ಲತಕ್ಕ ಮನ್ನಣೆಯು ದೊಡ್ಡದು: ಹಕ್ಕನ್ನೂ ಅನ್ನವನ್ನೂ ಒಂದೇ ಪ್ರತಿಜ್ಞೆಯಲ್ಲಿ ಕೂಡಿಸುವ ಮಾರ್ಗವನ್ನು ಅದು ಈ ಸೀಮೆಗೆ ತೋರಿಸಿತು. ಆ ಮಾರ್ಗವನ್ನು ಕೊಕಟನೂರಿನ ಗುಡಿಯ ಮುಂದಿನ ಹೆಣ್ಣುಮಗಳವರೆಗೆ ಒಯ್ಯುವ ಕಾರ್ಯವು ಅದರಿಂದಾಗಲಿಲ್ಲ. ಸಮತೆಯ ಹೆಸರಿನಲ್ಲಿ ಮತವನ್ನು ಬೇಡುವ ಯಾವ ಪಕ್ಷವಾದರೂ ತನ್ನ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸುವದು ಯುಕ್ತವು.