ಜಗ್ಗಿನ ತಳ ಯಾರು ನೋಡ್ತಾರೆ?

ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋದವರು ಐಫೋನು, ಚಾಕೊಲೇಟು ತರ್ತಾರೆ. ನಾನು ತಂದಿದ್ದು ಒಂದು ಖಾಲಿ ವಿಸ್ಕಿ ಜಗ್. ಹಳೇ ಸ್ಟೋನ್‌ವೇರ್. ಮೇಲೆ ಕಂದು, ಕೆಳಗೆ ಹಾಲುಬಿಳಿ, ಕುತ್ತಿಗೆ ಪಕ್ಕ ಒಂದು ಪುಟ್ಟ ಹಿಡಿ, ಹೊಟ್ಟೆ ಮೇಲೆ ನೀಲಿ ಅಕ್ಷರದಲ್ಲಿ ಯಾವುದೋ ಕಾಲದ ಹೆಂಡದ ವ್ಯಾಪಾರಿಯ ಹೆಸರು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ ಕೇಳಿದ್ದು ಒಂದೇ: “ಉಪ್ಪಿನಕಾಯಿ ಜಾಡಿಗೆ ಇಷ್ಟು ಸಣ್ಣ ಬಾಯಿ ಯಾಕೋ? ಕೈಯೇ ಹೋಗಲ್ವಲ್ಲ!”

ಅಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ. ಇದು ನಮ್ಮ ಜಾಡಿಯ ದಾಯಾದಿಯೇ. 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಂಕಿಯಲ್ಲಿ ಬೆಂದ ಮಣ್ಣು ಕಲ್ಲಿನಂತೆ ಬಿಗಿಯಾಗುತ್ತೆ. ಉಪ್ಪು-ಹುಳಿಗೆ ಜಗ್ಗಲ್ಲ, ಹೆಂಡವೂ ಜಿನುಗಲ್ಲ. 19ನೇ ಶತಮಾನದ ಅಮೆರಿಕದಲ್ಲಿ ವಿಸ್ಕಿ ಅಂಗಡಿಗೆ ಬರ್ತಿದ್ದದ್ದು ಮರದ ಪೀಪಾಯಿಯಲ್ಲಿ, ಗಿರಾಕಿಯ ಮನೆಗೆ ಹೋಗ್ತಿದ್ದದ್ದು ಇಂಥ ಜಗ್ಗಿನಲ್ಲಿ. ಬ್ರಿಟನ್ನಿನ ಪಬ್ಬುಗಳಲ್ಲಂತೂ ತಳದಲ್ಲಿ ನಲ್ಲಿ ಇರೋ ದೊಡ್ಡ ಸ್ಟೋನ್‌ವೇರ್ ಪೀಪಾಯಿಗಳು ರಾಜಲಾಂಛನ ಹೊತ್ತು ಕೌಂಟರ್ ಮೇಲೆ ಕೂರ್ತಿದ್ದವು.

ತೊಂದರೆ ಏನಂದ್ರೆ, ಒಳಗೇನಿದೆ ಅಂತ ಹೊರಗಿಂದ ಕಾಣಲ್ಲ. ಕಲಬೆರಕೆ ಸಲೀಸು. ವ್ಯಾಪಾರಿಯ ಹೆಸರೇ ಗ್ಯಾರಂಟಿ. 1870ರಲ್ಲಿ ಲೂಯಿವಿಲ್‌ನ ಜಾರ್ಜ್ ಗಾರ್ವಿನ್ ಬ್ರೌನ್ ತನ್ನ ‘ಓಲ್ಡ್ ಫಾರೆಸ್ಟರ್’ ವಿಸ್ಕಿಯನ್ನು ಸೀಲ್ ಮಾಡಿದ ಗಾಜಿನ ಬಾಟಲಿಯಲ್ಲಿ ಮಾತ್ರ ಮಾರತೊಡಗಿದ. ಆಮೇಲೆ ಬಾಟಲಿ ಮಾಡೋ ಯಂತ್ರ ಬಂತು, 1920ರಲ್ಲಿ ಪಾನನಿಷೇಧವೂ ಬಂತು. ಜಗ್ಗಿನ ಕಾಲ ಮುಗೀತು, ಸಂಗ್ರಾಹಕರ ಕಾಲ ಬಂತು.

ಈ ಸಂಗ್ರಾಹಕರನ್ನ ಹಗುರವಾಗಿ ತಗೋಬೇಡಿ. ಅಕ್ಷರ ಮೆರುಗಿನ ಕೆಳಗಿದೆಯಾ, ಮೇಲೆ ಬಳಿದಿದ್ದಾ ಅಂತ ಉಗುರಲ್ಲಿ ಮುಟ್ಟಿ ನೋಡ್ತಾರೆ. ತಳ ಸವೆದಿರೋದು ಬಳಸಿ ಸವೆದದ್ದಾ, ಉಜ್ಜಿ ಸವೆಸಿದ್ದಾ ಅಂತ ಪತ್ತೆ ಮಾಡ್ತಾರೆ. ನಾವು ಕೋಡ್ ರಿವ್ಯೂನಲ್ಲಿ ಅಷ್ಟು ಗಮನ ಕೊಟ್ಟಿದ್ರೆ ಅರ್ಧ ಬಗ್‌ಗಳು ಇರ್ತಾನೇ ಇರಲಿಲ್ಲ.

ನನ್ನ ತಕರಾರು ಅವರ ಕಣ್ಣಿನ ಬಗ್ಗೆ ಅಲ್ಲ, ಅಳತೆಗೋಲಿನ ಬಗ್ಗೆ. ಕೋಬಾಲ್ಟ್ ನೀಲಿಯಲ್ಲಿ ಹಕ್ಕಿ ಇದ್ರೆ ಬೆಲೆ ಏರುತ್ತೆ. ವ್ಯಾಪಾರಿಯ ಹೆಸರು, ಊರು ಅಪರೂಪದ್ದಾದರೆ ಇನ್ನೂ ಏರುತ್ತೆ. ನನ್ನ ಜಗ್ಗಿನ ತಳದ ಹತ್ತಿರ ಮೂರು ಬೆರಳಿನ ಗುರುತಿದೆ. ಮೆರುಗಿನಲ್ಲಿ ಅದ್ದುವಾಗ ಯಾರೋ ಹಿಡಿದ ಜಾಗ. ನನ್ನ ಬೆರಳಿಟ್ಟರೆ ಸರಿಯಾಗಿ ಕೂರುತ್ತೆ. ಅಂಗಡಿಯವನು ಅದನ್ನೇ ತೋರಿಸಿ “ದೋಷ ಇದೆ” ಅಂತ ಹತ್ತು ಡಾಲರ್ ಇಳಿಸಿದ. ಮಾರಿದವನ ಹೆಸರಿಗೆ ದುಡ್ಡು, ಮಾಡಿದವನ ಗುರುತಿಗೆ ಡಿಸ್ಕೌಂಟು! ಕೆಲವು ಜಗ್‌ಗಳಲ್ಲಿ ಕಾರ್ಖಾನೆಯ ಮುದ್ರೆ ಇರುತ್ತೆ, ನಿಜ. ತಿಗರಿ ಮುಂದೆ ಕೂತವನ ಹೆಸರು ಮಾತ್ರ ತೀರಾ ಅಪರೂಪ.

ಆ ಅಪರೂಪಕ್ಕೆ ದೊಡ್ಡ ಉದಾಹರಣೆ ಸೌತ್ ಕೆರೊಲಿನಾದ ಎಡ್ಜ್‌ಫೀಲ್ಡ್‌ನ ಡೇವಿಡ್ ಡ್ರೇಕ್. ಗುಲಾಮನಾಗಿದ್ದ ಕುಂಬಾರ. ಗುಲಾಮರಿಗೆ ಓದು-ಬರಹ ಕಲಿಸಬಾರದು ಅಂತ 1834ರಲ್ಲಿ ಆ ರಾಜ್ಯ ಕಾನೂನೇ ಮಾಡಿತ್ತು. ಅಂಥ ಕಡೆ ಕೂತು ಈತ ಹಸಿ ಮಣ್ಣಿನ ಮೇಲೆ ‘ಡೇವ್’ ಅಂತ ಸಹಿ ಹಾಕಿದ, ತಾರೀಖು ಬರೆದ, ಎರಡೆರಡು ಸಾಲಿನ ಪದ್ಯವನ್ನೂ ಕೆತ್ತಿದ. 1858ರಲ್ಲಿ ಆತ ಮಾಡಿದ 25 ಗ್ಯಾಲನ್ ಜಾಡಿಯೊಂದನ್ನು 2021ರ ಹರಾಜಿನಲ್ಲಿ ಮ್ಯೂಸಿಯಂ ಒಂದು 15.6 ಲಕ್ಷ ಡಾಲರ್‌ಗೆ ಕೊಂಡಿತು. ಆ ಜಾಡಿ ಆವಿಗೆಯಿಂದ ಹೊರಬಂದಾಗ ಡೇವ್‌ಗೇ ಒಬ್ಬ ಮಾಲೀಕನಿದ್ದ. ಮಾರುಕಟ್ಟೆ ಕೊನೆಗೂ ಮಾಡಿದವನಿಗೆ ಮರ್ಯಾದೆ ಕೊಡ್ತು ಅಂತ ಖುಷಿಪಡೋಣ ಅಂದ್ರೆ, ಸಹಿ ಹಾಕದ, ಹಾಕೋಕೆ ಬಾರದ ಸಾವಿರಾರು ಕೈಗಳ ಲೆಕ್ಕ ಹಾಗೇ ಉಳಿಯುತ್ತೆ.

ಇಷ್ಟೆಲ್ಲ ಬರೆಯೋ ನಾನೇನು ಸಾಚಾ ಅಲ್ಲ. ಊರಲ್ಲಿ ಅಜ್ಜಿ ಕಾಲದ ಜಾಡಿ ಒಂದಿತ್ತು. ಇದೇ ಕಂದು, ಇದೇ ಬಿಳಿ. ಕೆಲಸ ಸಿಕ್ಕ ವರ್ಷ “ಭಾರ ಸುಮ್ನೆ, ಕೊಟ್ಟುಬಿಡಮ್ಮ” ಅಂದವನು ನಾನೇ. ಬೀದಿಗೆ ಬಂದವನಿಗೆ ಕೊಟ್ಟು ಅಮ್ಮ ಎರಡು ಪ್ಲಾಸ್ಟಿಕ್ ಡಬ್ಬ ತಗೊಂಡಿದ್ದಳು.

ಮೊನ್ನೆ ಫೋನಲ್ಲಿ ಕೇಳಿದೆ, ಆ ಜಾಡಿ ತಳದಲ್ಲಿ ಬೆರಳಿನ ಗುರುತೇನಾದ್ರೂ ಇತ್ತಾ ಅಂತ.

“ಯಾರಿಗ್ಗೊತ್ತೋ,” ಅಂದಳು. “ತಳ ಯಾರು ನೋಡ್ತಾರೆ?”